ಮುಖ ನೋಡದೆ ಕೊಟ್ಟ ಪೊಟ್ಟಣ

ಮುಖ್ಯರಸ್ತೆಯ ತಿರುವಿನಲ್ಲಿದ್ದ ಔಷಧಿ ಅಂಗಡಿಯ ಯಜಮಾನರನ್ನು ಎಲ್ಲರೂ ಕಾಂಪೌಂಡರ್ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಡಾಕ್ಟರೊಬ್ಬರ ಬಳಿ ಔಷಧಿ ಕಲಸಿಕೊಡುತ್ತಿದ್ದವರು. ಸ್ವಂತ ಅಂಗಡಿ ಇಟ್ಟು ನಲವತ್ತು ವರ್ಷವಾದರೂ ಆ ಹೆಸರು ಅಂಟಿಕೊಂಡೇ ಇತ್ತು. ಅವರಿಗೆ ತಮ್ಮ ಒಂದು ಪದ್ಧತಿಯ ಬಗ್ಗೆ ಎಲ್ಲಿಲ್ಲದ ಹೆಮ್ಮೆ.

ಹೆಂಗಸೊಬ್ಬಳು ಬಂದು ದನಿ ತಗ್ಗಿಸಿ "ಆ ಮಾತ್ರೆ" ಎಂದರೆ ಸಾಕು, ಕಾಂಪೌಂಡರ್ ತಲೆ ಬಗ್ಗಿಸಿಬಿಡುತ್ತಿದ್ದರು. ಮುನ್ನೆಚ್ಚರಿಕೆ ತಪ್ಪಿದಾಗ ಗರ್ಭ ನಿಲ್ಲದಿರಲಿ ಎಂದು ನುಂಗುವ ತುರ್ತು ಮಾತ್ರೆ ಅದು. ಅದರ ಪೆಟ್ಟಿಗೆ ಒಡೆದು, ಒಳಗೆ ಮಡಚಿಟ್ಟ ಮಾಹಿತಿ ಚೀಟಿಯನ್ನು ಕಾಲಬುಡದ ತಗಡಿನ ಡಬ್ಬಕ್ಕೆ ಹಾಕಿ, ಮಾತ್ರೆಯನ್ನಷ್ಟೇ ಕಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಮೇಜಿನ ಮೇಲೆ ಸರಿಸುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ಒಂದು ಮಾತೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಆ ಚೀಟಿ ಯಾರ ಕೈಗಾದರೂ ಸಿಕ್ಕಿ ರಾದ್ಧಾಂತವಾಗಬಾರದಲ್ಲ! ನಾಲ್ಕು ಬೀದಿ ದಾಟಿ ಹೆಂಗಸರು ಇಲ್ಲಿಗೇ ಬರುತ್ತಿದ್ದರು ಎಂದರೆ ಸುಮ್ಮನೆಯೇ?

ಹೀಗಿರುವಾಗ ಫಾರ್ಮಸಿ ಓದಿದ ಸೊಸೆ ಅಂಗಡಿಗೆ ಬಂದು ಕೂತಳು. ಮೂರು ತಿಂಗಳಲ್ಲಿ ಕಪಾಟುಗಳ ದಿಕ್ಕನ್ನೇ ಬದಲಿಸಿದಳು. ಮಾವ ಸಹಿಸಿಕೊಂಡರು. ಒಂದು ಬುಧವಾರ ಆ ತಗಡಿನ ಡಬ್ಬವೂ ಅವಳ ಕಣ್ಣಿಗೆ ಬಿತ್ತು.

"ಮಾವ, ಇದರ ತುಂಬಾ ಒಂದೇ ಮಾತ್ರೆಯ ಚೀಟಿಗಳಿವೆಯಲ್ಲ, ಯಾಕೆ?"

"ಅದು ಮಾನ ಕಾಯೋ ಡಬ್ಬ ಕಣಮ್ಮ," ಎಂದು ಕಾಂಪೌಂಡರ್ ಎದೆಯುಬ್ಬಿಸಿ ತಮ್ಮ ಪದ್ಧತಿಯನ್ನು ವಿವರಿಸಿದರು.

ಸೊಸೆ ಹೊಗಳಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದು ಚೀಟಿ ಬಿಡಿಸಿದಳು. "ಕೇಳಿ ಮಾವ. ಎಷ್ಟು ಬೇಗ ನುಂಗಿದ್ರೆ ಅಷ್ಟು ಒಳ್ಳೇದು, ಮೂರು ದಿನದೊಳಗೆ ನುಂಗ್ಬೇಕು. ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿಯಾದ್ರೆ ಮತ್ತೆ ಬಂದು ಕೇಳ್ಬೇಕು. ಆಗ್ಲೇ ನಿಂತಿರೋ ಗರ್ಭವನ್ನ ಇದು ತೆಗೆಯಲ್ಲ. ಮುಟ್ಟು ಒಂದು ವಾರಕ್ಕಿಂತ ತಡವಾದ್ರೆ ಪರೀಕ್ಷೆ ಮಾಡ್ಕೋಬೇಕು. ಕೆಳಹೊಟ್ಟೇಲಿ ಜೋರು ನೋವು ಬಂದ್ರೆ ತಕ್ಷಣ ಡಾಕ್ಟರ್ ಹತ್ರ ಓಡ್ಬೇಕು. ಫಿಟ್ಸ್‌ಗೆ, ಟಿಬಿಗೆ ಕೊಡೋ ಕೆಲವು ಮಾತ್ರೆ ತಗೊಳ್ತಿರೋರಿಗೆ ಇದು ಸರಿಯಾಗಿ ಕೆಲಸ ಮಾಡಲ್ಲ."

ಸೊಸೆಯ ಬಾಯಲ್ಲಿ ಇಂಥ ಮಾತು! ಕಾಂಪೌಂಡರ ಕಿವಿ ಕೆಂಪಾಯಿತು. ಬೆಳಿಗ್ಗೆ ಒರೆಸಿದ್ದ ಬಾಟಲಿಗಳನ್ನೇ ಮತ್ತೆ ಒರೆಸತೊಡಗಿದರು.

"ಮಾತ್ರೆ ಕೊಟ್ಟಿದೀವಿ ಮಾವ. ತಿಳ್ಕೋಬೇಕಾದ್ದೆಲ್ಲ ಈ ಡಬ್ಬದಲ್ಲೇ ಉಳಿದುಹೋಗಿದೆ."

ನಲವತ್ತು ವರ್ಷದ ಮರ್ಯಾದೆಗೆ ನಿನ್ನೆ ಮೊನ್ನೆ ಬಂದ ಹುಡುಗಿ ಹೀಗನ್ನುವುದೇ? ಅಂದು ಊಟಕ್ಕೆ ಕೂತಾಗಲೂ ಅವರು ಮುಖ ಊದಿಸಿಕೊಂಡೇ ಇದ್ದರು. "ಉಪ್ಪು ಬೇಕಾ ಮಾವ?" ಎಂದದ್ದಕ್ಕೂ ಉತ್ತರ ಕೊಡದೆ ಸಪ್ಪೆಯನ್ನೇ ಉಂಡೆದ್ದರು.

ಮರುದಿನ ಬೆಳಿಗ್ಗೆ ಹಿಂದಿನ ಬೀದಿಯ ಟೈಲರಮ್ಮ ಬಂದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ತಿಂಗಳಿಗೊಮ್ಮೆ ಬಂದು ಅದರ ಮಾತ್ರೆ ಒಯ್ಯುವವಳು, ಕಾಂಪೌಂಡರ ಜೊತೆ ಹರಟೆ ಹೊಡೆಯುವವಳು. "ನಿಮ್ಮ ಅಂಗಿ ಕಾಲರ್ ನೋಡಿದ್ರೆ ನನ್ನ ಕತ್ತರಿಗೇ ಅಳು ಬರುತ್ತೆ," ಎಂದು ಅವಳು, "ಇನ್ನು ಹತ್ತು ವರ್ಷ ಬರುತ್ತೆ ಬಿಡಮ್ಮ," ಎಂದು ಅವರು. ನಗುತ್ತಲೇ ಮಾತ್ರೆ ಕಟ್ಟಿ ಕೊಡುವಾಗ ಕಾಂಪೌಂಡರ ಕಣ್ಣು ಅವಳ ಕೈಯ ಮೇಲೆ ಬಿತ್ತು. ಹೆಬ್ಬೆರಳ ಉಗುರಿನಂಚಿಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ, ತೋರುಬೆರಳಿಗೆ ಸುತ್ತಿದ ಪಟ್ಟಿ.

ಈ ಕೈಯನ್ನು ಸೋಮವಾರ ನೋಡಿದ್ದರು. ಅಂದು ಬಂದಿದ್ದು ಒಂದು ತಗ್ಗಿದ ದನಿ ಮತ್ತು ಈ ಕೈ. ಪೊಟ್ಟಣ ಸರಿಸಿದ್ದರು, ಮುಖ ನೋಡಿರಲಿಲ್ಲ.

ಫಿಟ್ಸ್ ಮಾತ್ರೆಯ ಬಗ್ಗೆ ಸೊಸೆ ಓದಿದ ಸಾಲು ಕಾಂಪೌಂಡರಿಗೆ ನೆನಪಾಯಿತು. ಮಾತಾಡಿದರೆ ಇಷ್ಟು ವರ್ಷದ ಪದ್ಧತಿ ಮುರಿಯುತ್ತದೆ, ಇನ್ನು ಯಾವ ಹೆಂಗಸೂ ನಂಬಿ ಬರಲಾರಳು. ಸುಮ್ಮನಿದ್ದರೆ ಈಕೆ ಆ ಮಾತ್ರೆಯನ್ನು ನಂಬಿಕೊಂಡು ಮನೆಗೆ ಹೋಗುತ್ತಾಳೆ. ಟೈಲರಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

"ತಂಗೀ, ಒಂದ್ನಿಮಿಷ," ಎಂದರು. "ನಮ್ಮ ಸೊಸೆ ಹತ್ರ ಒಂದು ಮಾತಾಡಿ ಹೋಗಮ್ಮ. ಸೋಮವಾರದ ವಿಷಯ."

ಅವಳ ಮುಖ ಬಿಳುಚಿಕೊಂಡಿತು. ಸೊಸೆ ಮಾವನ ಮುಖವನ್ನೂ ಅವಳ ಕೈಯಲ್ಲಿದ್ದ ಫಿಟ್ಸ್ ಮಾತ್ರೆಯನ್ನೂ ನೋಡಿಯೇ ಎಲ್ಲ ಅರ್ಥಮಾಡಿಕೊಂಡು, ಅವಳನ್ನು ಕಪಾಟುಗಳ ಹಿಂದಿನ ಮೂಲೆಗೆ ಕರೆದೊಯ್ದಳು. ಆ ಮೂಲೆಗೆ ಬಾಗಿಲಿರಲಿಲ್ಲ. ಕಾಂಪೌಂಡರ್ ಬೀದಿಯ ಕಡೆ ತಿರುಗಿ ನಿಂತರೂ ಮಾತು ಕಿವಿಗೆ ಬೀಳುತ್ತಿತ್ತು.

"ಯಾವತ್ತು ಮುನ್ನೆಚ್ಚರಿಕೆ ತಪ್ಪಿದ್ದು ಅಕ್ಕ?"

"ಭಾನುವಾರ. ನಮ್ಮನೆಯವರು ಬಳಸಿದ್ದು ಹರಿದುಹೋಯ್ತು. ಬೆಳಗಾದ ತಕ್ಷಣ ಬಂದು ಮಾತ್ರೆ ನುಂಗಿದೆನಲ್ಲ, ಮತ್ತೇನು?"

"ನೀವು ಬೇಗ ಬಂದಿದ್ದು ಸರಿಯಾಗೇ ಇದೆ. ಆದ್ರೆ ನಿಮ್ಮ ಫಿಟ್ಸ್ ಮಾತ್ರೆ ಇದರ ಶಕ್ತಿ ಕಮ್ಮಿ ಮಾಡುತ್ತೆ."

"ಅಯ್ಯೋ! ಈ ಫಿಟ್ಸ್ ಮಾತ್ರೆ ಹೊಟ್ಟೇಲಿರೋ ಮಗುವಿಗೆ ಒಳ್ಳೇದಲ್ಲ, ಮಗು ಬೇಕು ಅನ್ಸಿದ್ರೆ ಮೊದ್ಲೇ ಬಾ, ಬದಲಾಯಿಸ್ಬೇಕು ಅಂದಿದಾರೆ ಡಾಕ್ಟರು. ಹಾಗಾದ್ರೆ ಇವತ್ತಿಂದ ಫಿಟ್ಸ್ ಮಾತ್ರೆ ನಿಲ್ಲಿಸಿಬಿಡ್ತೀನಿ."

"ಬೇಡವೇ ಬೇಡ! ಅದನ್ನ ಒಂದು ದಿನವೂ ಬಿಡ್ಬೇಡಿ. ಇನ್ನೂ ದಾರಿ ಇದೆ ಅಕ್ಕ. ಐದು ದಿನದೊಳಗೆ ಕಾಪರ್ ಟಿ ಹಾಕಿಸ್ಕೊಂಡ್ರೆ ಗರ್ಭ ನಿಲ್ಲಲ್ಲ, ಫಿಟ್ಸ್ ಮಾತ್ರೆ ಅದಕ್ಕೆ ಅಡ್ಡ ಬರಲ್ಲ. ಇವತ್ತು ಗುರುವಾರ. ನಾಳೆವರೆಗೆ ಕಾಯೋದೂ ಬೇಡ, ಈಗ್ಲೇ ಹೋಗಿ. ನಿಮಗೆ ಸರಿಹೋಗುತ್ತಾ ಇಲ್ವಾ ಅಂತ ಲೇಡಿ ಡಾಕ್ಟರ್ ನೋಡಿ ಹೇಳ್ತಾರೆ. ನಾನು ಫೋನ್ ಮಾಡ್ತೀನಿ."

ಸೊಸೆ ಫೋನ್ ಮಾಡಿದಳು, ಮಾತ್ರೆಗಳ ಹೆಸರು ಬರೆದುಕೊಟ್ಟಳು. ದನಿಯಲ್ಲಿ ಗಾಬರಿಯಿಲ್ಲ, ಉಪದೇಶವಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ. ಕಾಂಪೌಂಡರಿಗೆ ತಪ್ಪು ತಮ್ಮದೆಂಬ ಸಂಕಟ ಒಂದು ಕಡೆ. ಇವಳು ನಮ್ಮ ಅಂಗಡಿಯವಳು ಎಂಬ ಹೆಮ್ಮೆ ಇನ್ನೊಂದು ಕಡೆ, ಅದೂ ತಡೆಯಲಾಗದಷ್ಟು.

ಹೊರಡುವಾಗ ಟೈಲರಮ್ಮ ಅವರೆದುರು ನಿಂತಳು. "ಸೋಮವಾರ ಒಂದ್ಸಲ ನನ್ನ ಮುಖ ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತಲ್ವಾ ಕಾಂಪೌಂಡ್ರೇ? ಪ್ರತಿ ತಿಂಗಳು ನೀವೇ ಕೊಡೋ ಮಾತ್ರೆ."

"ಹೌದಮ್ಮ, ಗೊತ್ತಾಗ್ತಿತ್ತು," ಎಂದರು ಕಾಂಪೌಂಡರ್. ಅಂದು ಮಧ್ಯಾಹ್ನ ಅವರೇ ಬಾಯಿಬಿಟ್ಟು ಸೊಸೆಯನ್ನು ಉಪ್ಪು ಕೇಳಿದರು.

ಮೂರು ವಾರ ಕಳೆದು ಟೈಲರಮ್ಮ ಮತ್ತೆ ಬಂದಳು. ಅಂದೇ ಹೋಗಿ ಕಾಪರ್ ಟಿ ಹಾಕಿಸಿಕೊಂಡಿದ್ದಳು, ಮುಟ್ಟೂ ಸರಿಯಾಗಿ ಆಗಿತ್ತು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ದಪ್ಪ ಹಸಿರು ಪರದೆ! ಹಿಂದಿನ ಮೂಲೆಗೆ ತಾನೇ ಟೇಪು ಹಿಡಿದು ನೋಡಿ, ಸರಳಿಗೆ ಪೋಣಿಸಿ, ಕಟ್ಟಿದಳು. "ಇನ್ಮೇಲೆ ಮಾತಾಡೋರಿಗೆ ಭಯ ಇರಲ್ಲ ನೋಡಿ," ಎಂದಳು. ಕಾಂಪೌಂಡರ್ ಅಂದಿನಿಂದ ಕೆಮ್ಮಿನ ಔಷಧಿಗೆ ಬಂದವರಿಗೂ ಆ ಪರದೆ ತೋರಿಸಿ, "ನಮ್ಮ ಸೊಸೆಯ ಕೋಣೆ," ಎನ್ನತೊಡಗಿದರು.

ಒಂದು ಮಧ್ಯಾಹ್ನ ಸೊಸೆ ಪರದೆಯ ಹಿಂದೆ ಪೆಟ್ಟಿಗೆ ಬಿಚ್ಚುತ್ತಿದ್ದಾಗ ತಗ್ಗಿದ ದನಿಯೊಂದು "ಆ ಮಾತ್ರೆ" ಎಂದಿತು. ಕಾಂಪೌಂಡರ ತಲೆ ಅಭ್ಯಾಸಬಲದಿಂದ ಬಗ್ಗಿತು. ಆಮೇಲೆ ನಿಧಾನವಾಗಿ ಎದ್ದಿತು. ಎದುರಿಗೆ ಹೆದರಿದ ಕಣ್ಣುಗಳ ಯುವತಿ.

"ಒಳಗೆ ನಮ್ಮ ಸೊಸೆ ಇದಾಳೆ, ಅವಳ ಹತ್ರ ಮಾತಾಡ್ತೀಯಾ ತಾಯಿ?"

"ಬೇಡ, ನೀವೇ ಕೊಡಿ."

ಕಾಂಪೌಂಡರ್ ಗಂಟಲು ಸರಿಮಾಡಿಕೊಂಡರು. ಎಷ್ಟು ಹೊತ್ತಾಯಿತು ಎಂದು ಕೇಳಿದರು, ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತೀಯಾ ಎಂದು ಕೇಳಿದರು. ತಡವಾದರೆ ಪರೀಕ್ಷೆ, ನೋವಾದರೆ ಡಾಕ್ಟರು, ಎಲ್ಲ ಹೇಳಿದರು. ಕಿವಿ ಕೆಂಪಾದರೂ ಬಿಡಲಿಲ್ಲ. "ಮನೆಗೆ ಒಯ್ಯೋಕಾಗಲ್ಲ" ಎಂದು ಅವಳು ಮಾತ್ರೆಯನ್ನಷ್ಟೇ ತಗೊಂಡು, ಚೀಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಪರದೆಯ ಹಿಂದಿನಿಂದ ಸೊಸೆಯ ದನಿ ಬಂತು. "ಮಾವ, ವಾಂತಿ ವಿಷಯ ಹೇಳೋದು ಬಿಟ್ರಿ."

ಅಷ್ಟೇ ಸಾಕಾಯಿತು. ಮಂಡಿನೋವಿನ ಕಾಂಪೌಂಡರ್ ಮೇಜಿನ ಪಕ್ಕದಿಂದ ನುಸುಳಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಓಡಿದರು. ಬೀದಿಯ ತುದಿಯಲ್ಲಿ ಅವಳನ್ನು ಹಿಡಿದು, ತಗ್ಗಿದ ದನಿಯಲ್ಲಿ ಎರಡೇ ಮಾತು ಹೇಳಿ, ಅವಳು ತಲೆಯಾಡಿಸುವವರೆಗೆ ನಿಂತರು.

ಏದುಸಿರು ಬಿಡುತ್ತ ಮರಳುವಾಗ ಪಕ್ಕದ ಸೈಕಲ್ ಅಂಗಡಿಯವನು ಬೆರಗಾಗಿ ಕೇಳಿದ. "ಏನ್ ಕಾಂಪೌಂಡ್ರೇ, ಈ ವಯಸ್ಸಲ್ಲಿ ಓಟ?"

"ಕೊಡಬೇಕಾದ್ದೊಂದನ್ನ ಕೊಡೋದು ಮರ್ತಿದ್ದೆ ಕಣಪ್ಪ," ಎಂದರು ಕಾಂಪೌಂಡರ್, ಎದೆಯುಬ್ಬಿಸಿ. "ಕೊಟ್ಟು ಬಂದೆ."