ಮೇಜು ಒರೆಸುವ ಅತ್ತಿಗೆ

ಡೆಸ್ಕ್‌ಟಾಪ್ ಎಂದರೇನೆಂದು ಅತ್ತಿಗೆಗೆ ತಿಳಿಸಿಕೊಡಲು ಗುರುವಿನ ಗಾಂಭೀರ್ಯ ತಂದುಕೊಂಡು ಕುಳಿತ ನಾನು, ಮೌಸನ್ನು ಎಲ್ಲೋ ಒತ್ತಿ ಎಲ್ಲಿಗೋ ಎಳೆದು, ಪರದೆಯ ತಳದಲ್ಲಿ ಸಾಧುವಾಗಿ ಮಲಗಿದ್ದ ಟಾಸ್ಕ್‌ಬಾರ್ ಎಂಬ ಪಟ್ಟಿಯನ್ನು ಎಡಗಡೆಗೆ ನೆಟ್ಟಗೆ ನಿಲ್ಲಿಸಿಬಿಟ್ಟೆ. ಅದನ್ನು ಮರಳಿ ಮಲಗಿಸುವ ವಿದ್ಯೆ ನನಗೆ ತಿಳಿದಿರಲಿಲ್ಲ.

"ಹೀಗೂ ಇಟ್ಕೋಬಹುದು ಅಂತ ತೋರಿಸಿದೆ ಅತ್ತಿಗೆ."

ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ನನ್ನನ್ನೊಮ್ಮೆ ಅದನ್ನೊಮ್ಮೆ ಅಳೆದರು. "ಇರಲಿ ಬಿಡಪ್ಪ. ಅಂಚು ಪಕ್ಕಕ್ಕೆ ಹೊಲಿದಿದ್ದೀಯ, ಬಿಚ್ಚಿದರಾಯ್ತು."

ಅರ್ಧ ಆಯುಷ್ಯವನ್ನು ಹೊಲಿಗೆ ಅಂಗಡಿಯಲ್ಲಿ ಕಳೆದ ಅತ್ತಿಗೆಯ ನಡಿಗೆಗೂ ಯಂತ್ರದ ಲಯವಿದೆ: ಸರಸರನೆ ಒಂದಷ್ಟು ಹೆಜ್ಜೆ, ಆಮೇಲೆ ನೂಲು ಕತ್ತರಿಸಿದಂತೆ ಒಂದು ನಿಲುಗಡೆ. ಬೂದು ಕೋಟಿನ ಎದೆಯ ಮೇಲೆ ಇಂದಿಗೂ ಗುಂಡುಸೂಜಿಗಳು ಸಾಲಾಗಿ ಪಹರೆ ಕಾಯುತ್ತವೆ. ಸಂಜೆಯಾದರೆ ಮೇಜಿನ ಮೇಲೆ ಒಂದು ಎಳೆಯೂ ಉಳಿಯಕೂಡದೆಂಬುದು ಅವರ ಅಚಲ ನಿಯಮ; ಅಣ್ಣನ ಕಾಫಿ ಲೋಟವನ್ನು ಅವನು ತುಟಿಗಿಡುವ ಮೊದಲೇ ಎತ್ತಿ ತೊಳೆದಿಟ್ಟದ್ದುಂಟು.

ಬೆರಳಿನ ಗಂಟುಗಳು ನೋಯತೊಡಗಿ ಕತ್ತರಿ ಹಿಡಿಯಲಾಗದೆ ಅಂಗಡಿ ಮುಚ್ಚಿದಾಗ, "ಸುಮ್ನೆ ಕೂತರೆ ತುಕ್ಕು ಹಿಡೀತೀನಿ ಕಣೋ" ಎಂದು ಕಣ್ಣಿನ ಆಸ್ಪತ್ರೆಯೊಂದರ ಸ್ವಾಗತದ ಕೆಲಸಕ್ಕೆ ಹೊರಟರು. ಒಂದು ವಾರ ಪರೀಕ್ಷೆ. ಕಂಪ್ಯೂಟರ್ ಕೈಗೆ ಹತ್ತಿದರೆ ಕುರ್ಚಿ ಅವರದು ಎಂದಿದ್ದರು ಡಾಕ್ಟರಮ್ಮ. ಆದ್ದರಿಂದಲೇ ನನ್ನ ಪಾಠ.

"ಡೆಸ್ಕ್‌ಟಾಪ್ ಅಂದ್ರೆ ನಿಮ್ಮ ಮೇಜು ಅಂತಲೇ ತಿಳ್ಕೊಳ್ಳಿ. ಕೈ ಹಚ್ಚಿದ ಕೆಲಸ ಟಾಸ್ಕ್‌ಬಾರಲ್ಲಿ ಇರುತ್ತೆ. ಪರದೆಯಿಂದ ಕೆಳಗಿಳಿಸಿದರೆ ಮಾಯವಾಗಲ್ಲ, ಅಲ್ಲೇ ಕಾಯ್ತಿರುತ್ತೆ."

"ಅರ್ಧ ಹೊಲಿದ ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ."

ಶಿಷ್ಯೆಯ ಪ್ರತಿಭೆಗೆ ನಾನು ಬೀಗಿದೆ. ಉಪಮೆಯೆಂಬುದು ಎಂಥ ಅಪಾಯಕಾರಿ ಅಲಂಕಾರವೆಂದು ಅರಿವಾದದ್ದು ಅವರು ಕೆಲಸಕ್ಕೆ ಸೇರಿದ ಮರುದಿನ, ಅವರ ಫೋನ್ ಕರೆಗೆ ಆಸ್ಪತ್ರೆಗೆ ಓಡಿಹೋದಾಗ. ಬೆಂಚಿನ ತುಂಬ ರೋಗಿಗಳು; ಡಾಕ್ಟರಮ್ಮನ ಮುಂದೆ ಒಂದೇ ಒಂದು ಕಸದ ಬುಟ್ಟಿಯ ಚಿತ್ರ ಉಳಿದ ನಿರ್ಮಲ ನೀಲಿ ಪರದೆ.

"ಇವರೆಲ್ಲರ ಫೈಲೂ ಇಲ್ಲೇ ಇತ್ತಲ್ಲಮ್ಮ," ಎಂದರು ಡಾಕ್ಟರಮ್ಮ, ಧ್ವನಿ ಏರಿಸದೆ. ಏರಿಸಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಮನೆಗೆ ಹೋಗೋ ಮುಂಚೆ ಮೇಜು ಒರೆಸಿದೆ," ಎಂದು ಅತ್ತಿಗೆ ಬುಟ್ಟಿಯನ್ನು ತೆರೆದರು. ಫೈಲುಗಳೆಲ್ಲ ಅದರಲ್ಲೇ ಇದ್ದವು. ಮೊದಲ ಸರದಿಯವರದನ್ನು ಮೊದಲು, ಆಮೇಲಿನವರದನ್ನು ಆಮೇಲೆ, ಅವಸರವಿಲ್ಲದೆ ಪರದೆಗೆ ಮರಳಿಸತೊಡಗಿದರು. ಬೆಂಚು ನಿಧಾನವಾಗಿ ಖಾಲಿಯಾಯಿತು. ಸಂಜೆ ಡಾಕ್ಟರಮ್ಮ, "ಇನ್ನು ಒರೆಸೋದಾದ್ರೆ ಮರದ ಮೇಜು ಮಾತ್ರ. ವಾರ ಗೀರ ಏನೂ ಬೇಡ, ಕುರ್ಚಿ ನಿಮ್ದೇ," ಎಂದು ನಕ್ಕರು.

ಹೊಸ ವಿದ್ಯೆಗೆ ಬರುವವರು ಹಳೆಯ ಅಭ್ಯಾಸಗಳನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಲಿ ಎಂದು ನಾವು ಬಯಸುತ್ತೇವೆ. ಅತ್ತಿಗೆಯಂಥವರು ಬಿಡುವುದಿಲ್ಲ. ಆ ಅಭ್ಯಾಸವೇ ಒಂದು ದಿನ ಅವಾಂತರವೆಬ್ಬಿಸುತ್ತದೆ, ಮರುದಿನ ಅದೇ ಕೈಹಿಡಿದು ದಾಟಿಸುತ್ತದೆ.

ಮನೆಗೆ ಬರುವಾಗ ಕೇಳಿದೆ: "ಅಷ್ಟೆಲ್ಲ ಒರೆಸಿದವರು ಬುಟ್ಟಿ ಯಾಕೆ ಖಾಲಿ ಮಾಡಲಿಲ್ಲ ಅತ್ತಿಗೆ?"

"ಗಿರಾಕಿ ಹಾಕ್ಕೊಂಡು ನೋಡೋವರೆಗೂ ಚೂರುಬಟ್ಟೆ ಎಸೀತಾರೇನಪ್ಪ?"