ಎರಡನೇ ಸಾಕ್ಷಿಯ ತಿದ್ದುಪಡಿ

ಫ್ಲ್ಯಾಶ್‌ನ ಮದುವೆ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಿಗದಿಯಾಗಿತ್ತು. ಹನ್ನೊಂದು ಮೂವತ್ತೊಂದಕ್ಕೆ ಅದು ನಿಂತೇ ಹೋಗುವ ಹಾಗಾಯಿತು. ಕಾರಣ ನಾನು. ರಿಜಿಸ್ಟ್ರಾರ್ ಕುರ್ಚಿಯ ಹಿಂದಿನ ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು. ಮುಂದಿನ ಹದಿಮೂರು ನಿಮಿಷ ಯಾರ ಮುಖವನ್ನೂ ನೋಡುವ ಧೈರ್ಯವಿಲ್ಲದೆ ನಾನು ಅದನ್ನೇ ನೋಡುತ್ತಿದ್ದೆ. ಹಾಗಾಗಿ ಸಮಯದ ಮಟ್ಟಿಗೆ ನನ್ನ ಮಾತನ್ನು ನಂಬಬಹುದು.

ಫ್ಲ್ಯಾಶ್ ನಮ್ಮ ಪತ್ರಿಕೆಯ ಛಾಯಾಗ್ರಾಹಕ. ಹದಿನಾರು ವರ್ಷಗಳ ಹಿಂದೆ ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದೆವು. ಸೇರಿದ ಮೊದಲ ತಿಂಗಳು ಅವನು ಹಗಲು ಬಿಸಿಲಲ್ಲೂ ಫ್ಲ್ಯಾಶ್ ಹಾಕಿ ಚಿತ್ರ ತೆಗೆದು ಬೈಸಿಕೊಂಡ, ಹೆಸರು ಅಂಟಿಕೊಂಡಿತು. ನಾನು ಡೆಸ್ಕಿನವನು. ವರದಿಗಾರರು ಬರೆದದ್ದರಲ್ಲಿ ಹೆಸರು, ತಾರೀಖು, ಅಂಕಿ ಸರಿಯಾಗಿವೆಯೇ ನೋಡುವುದು ನನ್ನ ಕೆಲಸ. ನನ್ನನ್ನು ಅಲ್ಪವಿರಾಮ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ.

ಮದುವೆಯ ವಿಷಯ ಅವನು ಕ್ಯಾಂಟೀನಿನಲ್ಲಿ ಹೇಳಿದ್ದು ಹೀಗೆ:

"ಬರೋ ಶನಿವಾರ ಏನ್ ಕೆಲಸ ನಿಂದು?"

"ರಜೆ."

"ರಜೆ ಹಾಳ್ ಮಾಡ್ಕೋ. ಒಂದು ಸಾಕ್ಷಿ ಸಹಿ ಹಾಕ್ಬೇಕು."

"ಯಾಕೆ, ಗಾಡಿ ಎಲ್ಲಾದ್ರೂ ಗುದ್ದಿದ್ಯಾ?"

"ಒಂಥರಾ ಹಾಗೇ. ಮದುವೆ."

ಹುಡುಗಿಯ ಪರಿಚಯ ನನಗೆ ಎಂಟು ತಿಂಗಳಿಂದ ಇತ್ತು. ಫಿಸಿಯೊಥೆರಪಿಸ್ಟ್. ಕ್ಯಾಮೆರಾ ಚೀಲ ಹೊತ್ತೂ ಹೊತ್ತೂ ಫ್ಲ್ಯಾಶ್‌ನ ಬಲಭುಜ ಮೇಲೇಳದಂತಾದಾಗ ಅವನು ಹೋದದ್ದು ಅವರ ಹತ್ತಿರ. ಆರು ವಾರದಲ್ಲಿ ಭುಜ ಸರಿಹೋಯಿತು. ಆಮೇಲೂ ಅವನು ಹೋಗುತ್ತಲೇ ಇದ್ದ. "ಇನ್ನೊಂದು ಭುಜ ಕೆಡಿಸ್ಕೊಂಡು ಬಾ, ಇಲ್ಲಾಂದ್ರೆ ಬರೋಕೆ ಬೇರೆ ಕಾರಣ ಹೇಳು" ಅಂದರಂತೆ. ಅವನು ಬೇರೆ ಕಾರಣ ಹೇಳಿದ.

ಸಾಕ್ಷಿಗಳು ಮೂವರು ಬೇಕಿತ್ತು. ಮೊದಲನೆಯವರು ಫ್ಲ್ಯಾಶ್‌ನ ಅಮ್ಮ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರು. ಗಂಡ ತೀರಿಕೊಂಡ ಮೇಲೆ ಅವರಿಗೂ ಮಗನಿಗೂ ಒಂದೇ ಮನೆ, ಒಂದೇ ಟೀವಿ, ದಿನಕ್ಕೊಂದು ಜಗಳ. ಎರಡನೆಯವನು ನಾನು. ಮೂರನೆಯವರು ಹುಡುಗಿಯ ಅಣ್ಣ, ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್.

ಸಾಕ್ಷಿ ಅಂದರೆ ಸುಮ್ಮನೆ ಸಹಿ ಅಲ್ಲ. ಫಾರಂನ ಕೊನೆಯಲ್ಲಿ ಒಂದು ವಾಕ್ಯ ಇರುತ್ತದೆ: ಮೇಲಿನ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯ. ಬಹುಪಾಲು ಜನ ಅದನ್ನು ಓದುವುದಿಲ್ಲ. ನಾನು ಓದಿದೆ. ಓದಿದ ಮೇಲೆ ಮೇಲಿನ ವಿವರಗಳನ್ನೂ ಓದಬೇಕಾಯಿತು.

ಕೋಣೆ ಚಿಕ್ಕದು. ಒಂದು ಮೇಜು, ಎರಡು ಸಾಲು ಕುರ್ಚಿ, ಸುಳ್ಳು ಮಾಹಿತಿ ಕೊಡುವುದು ಶಿಕ್ಷಾರ್ಹ ಅಪರಾಧ ಎನ್ನುವ ಫಲಕ. ರಿಜಿಸ್ಟ್ರಾರ್ ಮೇಡಂ ಕನ್ನಡಕವನ್ನು ಹಣೆಗೇರಿಸಿಕೊಂಡು ಫಾರಂ ನನ್ನ ಕೈಗೆ ಕೊಟ್ಟರು. ಮೊದಲ ತಪ್ಪು ತಕ್ಷಣ ಸಿಕ್ಕಿತು. ಫ್ಲ್ಯಾಶ್‌ನ ಮನೆ ಸಂಖ್ಯೆ ಹದಿನೇಳು. ಟೈಪ್ ಆಗಿದ್ದು ಎಪ್ಪತ್ತೊಂದು. ತೋರಿಸಿದೆ. ಮೇಡಂ ಗುಮಾಸ್ತರನ್ನು ಕರೆದು ತಿದ್ದಿಸಿದರು. "ನಿಮ್ಮಂಥವರು ದಿನಾ ಒಬ್ಬರು ಬಂದರೆ ನನ್ನ ಅರ್ಧ ಕೆಲಸ ಉಳಿಯುತ್ತೆ" ಅಂದರು.

"ಇವನು ನಮ್ಮನೇಲಿ ಪೋಸ್ಟ್ ಮೇಲಿನ ವಿಳಾಸಾನೂ ತಿದ್ತಾನೆ ಮೇಡಂ" ಅಂದರು ಅಮ್ಮ.

ಎಲ್ಲರೂ ನಕ್ಕರು. ಹೊಗಳಿಕೆ ನನಗೆ ಅಪರೂಪ. ಸ್ವಲ್ಪ ಉಬ್ಬಿದೆ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಮುಂದಿನ ಸಾಲಿಗೆ ಹೋದೆ.

"ಇನ್ನೊಂದು ಇದೆ ಮೇಡಂ. ವಧುವಿನ ಹುಟ್ಟಿದ ಇಸವಿ. ಈ ಲೆಕ್ಕಕ್ಕೆ ನಲವತ್ಮೂರು ಆಗುತ್ತೆ. ಅವರಿಗೆ ಮೂವತ್ತಾರಲ್ವಾ?"

ನನಗೆ ಇದು ಎರಡು ಕಡೆಯಿಂದ ಗೊತ್ತಿತ್ತು. "ನನಗಿಂತ ಎರಡು ವರ್ಷ ಚಿಕ್ಕವಳು" ಅಂತ ಫ್ಲ್ಯಾಶ್ ತನ್ನ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನೆದುರೇ ಹೇಳಿದ್ದ. ಅವನಿಗೆ ಮೂವತ್ತೆಂಟು. "ಮೂವತ್ತಾರು, ಸರಿಯಾದ ಜೋಡಿ" ಅಂತ ಅಮ್ಮ ಬೇರೊಂದು ದಿನ ಹೇಳಿದ್ದರು. ಎರಡು ಮೂಲ ಒಂದೇ ಮಾತು ಹೇಳಿದರೆ ಅಚ್ಚು ಹಾಕಬಹುದು. ಆದರೆ ಎರಡನೆಯ ಮೂಲಕ್ಕೆ ಸುದ್ದಿ ಕೊಟ್ಟವನು ಮೊದಲನೆಯವನೇ ಆಗಿದ್ದರೆ ಅದು ಎರಡಲ್ಲ, ಒಂದೇ. ಹೊಸದಾಗಿ ಸೇರಿದವರಿಗೆ ನಾನೇ ಕಲಿಸುವ ಪಾಠ ಇದು.

ಮೇಡಂ ಕನ್ನಡಕ ಇಳಿಸಿ, ಗುರುತಿನ ಚೀಟಿ ತೆಗೆದು, ಫಾರಂ ಪಕ್ಕ ಇಟ್ಟು ನೋಡಿದರು. "ಇಲ್ಲ ಸರ್. ಇಸವಿ ಸರಿಯಾಗೇ ಇದೆ. ನಲವತ್ಮೂರೇ."

ಗಡಿಯಾರದಲ್ಲಿ ಹನ್ನೊಂದು ಮೂವತ್ತೊಂದು.

"ಏಳು ವರ್ಷ ಇಳಿಸೋ ವ್ಯವಸ್ಥೆ ಇದ್ರೆ ನನಗೂ ಹೇಳಿ ಸರ್" ಅಂದರು ಹುಡುಗಿಯ ಅಣ್ಣ. "ರಿಟೈರ್ಮೆಂಟ್ ಮುಂದಕ್ಕೆ ಹೋಗುತ್ತೆ."

"ಅಣ್ಣಾ, ಸುಮ್ನಿರು." ಹುಡುಗಿ ನನ್ನ ಕಡೆ ತಿರುಗಿದರು. "ಮೂವತ್ತಾರು ಅಂತ ನಿಮಗೆ ಯಾರು ಹೇಳಿದ್ದು?"

ನಾನು ಗಡಿಯಾರದ ಕಡೆ ತಿರುಗಿದೆ. ಅಮ್ಮ ಹೇಳಿದರು, "ನನ್ನ ಮಗ."

ಫ್ಲ್ಯಾಶ್ ತನ್ನ ಬೂಟಿನ ಲೇಸು ನೋಡುತ್ತಿದ್ದ. ಅವನ ಕಷ್ಟ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ಒಂದು ಸಂಬಂಧ ತಂದಾಗ ಹುಡುಗಿ ಒಂದು ವರ್ಷ ದೊಡ್ಡವಳು ಎಂಬುದಕ್ಕೇ ಅಮ್ಮ ಬೇಡ ಅಂದಿದ್ದರು. "ದೊಡ್ಡವಳನ್ನ ತಂದ್ರೆ ಸ್ವಲ್ಪ ವರ್ಷ ಹೋದ್ಮೇಲೆ ಮನೇಲಿ ಇಬ್ರು ಮುದುಕೀರನ್ನ ನೋಡ್ಕೋಬೇಕಾಗುತ್ತೆ, ನಿನ್ ಕೈಲಾಗುತ್ತಾ?" ಅಂತ ಕೇಳಿದ್ದರಂತೆ. ಇದನ್ನು ಅವನು ಆಫೀಸಿನಲ್ಲಿ ತಮಾಷೆಯಾಗಿ ಹೇಳಿದ್ದ. ತಮಾಷೆ ಅಂದುಕೊಂಡಿದ್ದು ನಾವು.

"ಅಂದ್ರೆ" ಅಂದರು ಹುಡುಗಿ, ನಿಧಾನವಾಗಿ, "ಎಂಟು ತಿಂಗಳಿಂದ ನಿಮ್ಮನೆಗೆ ಬಂದಾಗೆಲ್ಲ ನಾನು ಮೂವತ್ತಾರರವಳಾಗಿ ಬಂದಿದ್ದೀನಿ. ನನಗೇ ಗೊತ್ತಿಲ್ದೆ."

"ಅಮ್ಮ ಬೇಡ ಅಂದ್ಬಿಡ್ತಾರೆ ಅಂತ..." ಫ್ಲ್ಯಾಶ್ ಶುರು ಮಾಡಿದ.

"ಅಂದಿದ್ರೆ ಕೇಳಿಸ್ಕೋತಿದ್ದೆ. ನಾನೇನು ಬೇಡ ಅನ್ನಿಸ್ಕೊಂಡೇ ಇಲ್ವಾ? ನನ್ನ ವಯಸ್ಸನ್ನ ನಾನು ಯಾವತ್ತೂ ಯಾರಿಗೂ ಮುಚ್ಚಿಟ್ಟಿಲ್ಲ. ನೀನ್ಯಾಕೆ ಮುಚ್ಚಿಟ್ಟೆ? ಅಷ್ಟು ನಾಚಿಕೆ ಆಯ್ತಾ ನಿಂಗೆ?"

"ನಾಚಿಕೆ ಅಲ್ಲ."

"ಮತ್ತೆ?"

ಅವನ ಕಣ್ಣು ಮತ್ತೆ ಲೇಸಿಗೆ ಹೋಯಿತು. ಮೇಡಂ ಗಂಟಲು ಸರಿಮಾಡಿಕೊಂಡರು. "ಕಾಗದದ ಪ್ರಕಾರ ಯಾವ ಅಡ್ಡಿಯೂ ಇಲ್ಲ. ಮಾತಾಡ್ಬೇಕಿದ್ರೆ ಪಕ್ಕದ ಕೋಣೆ ಖಾಲಿ ಇದೆ. ಹನ್ನೊಂದು ಐವತ್ತಕ್ಕೆ ಮುಂದಿನವರಿದ್ದಾರೆ."

"ಪಕ್ಕದ ಕೋಣೆ ಬೇಡ ಮೇಡಂ" ಅಂದರು ಹುಡುಗಿ. ಆಮೇಲೆ ನನ್ನನ್ನು ನೋಡಿದರು. "ನೀವು ಸಾಕ್ಷಿ ಅಲ್ವಾ? ಹದಿನಾರು ವರ್ಷದಿಂದ ಇವನನ್ನ ಬಲ್ಲೆ ಅಂತ ಬರೆದಿದೀರಿ. ಹಾಗಾದ್ರೆ ಹೇಳಿ. ಇವನು ಸುಳ್ಳು ಹೇಳ್ತಾನಾ?"

ಫ್ಲ್ಯಾಶ್ ಮೊದಲ ಸಲ ನನ್ನ ಮುಖ ನೋಡಿದ. ಇಲ್ಲ ಅಂದಿದ್ದರೆ ಅದೊಂದು ಸುಳ್ಳು; ಎಲ್ಲರಿಗೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು. ಹೌದು ಅಂದಿದ್ದರೆ ಅವನ ಮದುವೆ ಅಲ್ಲಿಗೆ ಮುಗಿಯುತ್ತಿತ್ತು, ಮತ್ತು ಅದೂ ಪೂರ್ತಿ ನಿಜವಾಗುತ್ತಿರಲಿಲ್ಲ. ನಾನು ಹದಿನಾರು ವರ್ಷವನ್ನು ಒಂದು ತುದಿಯಿಂದ ನೋಡುತ್ತ ಬಂದೆ. ಎಷ್ಟು ಹೊತ್ತಾಯಿತೋ. ಗಡಿಯಾರದ ಪ್ರಕಾರ ಒಂದು ನಿಮಿಷಕ್ಕಿಂತ ಹೆಚ್ಚು.

"ನನಗೆ ಗೊತ್ತಿರೋ ಹಾಗೆ ಮೂರು ಸಲ ಹೇಳಿದಾನೆ" ಅಂದೆ. "ಮೂರೂ ಅವರಮ್ಮನಿಗೆ. ಒಂದು, ಸಿಗರೇಟು ಬಿಟ್ಟೆ ಅಂತ, ಬಿಡೋಕೆ ನಾಲ್ಕು ತಿಂಗಳು ಮುಂಚೇನೇ. ಇನ್ನೊಂದು ಇವತ್ತು ಗೊತ್ತಾಗಿದ್ದು."

"ಮೂರನೇದು?"

ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಅದು ನಾನು ಹೇಳೋದಲ್ಲ."

ಆಗ ಅಮ್ಮ ಮಾತಾಡಿದರು, ಟೆಲಿಫೋನಿನಲ್ಲಿ ದೂರದವರಿಗೆ ಹೇಳುವಂತೆ, ಒಂದೊಂದೇ ಮಾತು ಬಿಡಿಸಿ.

"ಮೂರನೇದು ನನಗೆ ಗೊತ್ತು. ಇವರಪ್ಪ ಆಸ್ಪತ್ರೆಲಿದ್ದಾಗಿಂದು. ಸುಧಾರಿಸ್ತಿದಾರಂತೆ ಅಮ್ಮ, ಡಾಕ್ಟ್ರು ಹೇಳಿದ್ರು ಅಂತ ನನಗೆ ಹೇಳ್ದ. ಡಾಕ್ಟ್ರು ಏನು ಹೇಳಿದ್ರು ಅಂತ ನನಗೆ ಆಗ್ಲೇ ಕೇಳಿಸಿತ್ತು. ಇವನು ಕಾರಿಡಾರಿನ ಆ ತುದೀಲಿ ಫೋನಲ್ಲಿ ಯಾರಿಗೋ ಅದನ್ನೇ ಹೇಳ್ತಾ ನಿಂತಿದ್ದ, ನಾನು ಈ ತುದೀಲಿ. ಮೂವತ್ತು ವರ್ಷ ಮಾಡಿದ್ದು ಅದೇ ಕೆಲಸ ಅಲ್ವಾ."

"ಅಮ್ಮಾ" ಅಂದ ಫ್ಲ್ಯಾಶ್. "ನೀನು ಒಂದು ಮಾತೂ..."

"ಏನಂತ ಹೇಳ್ಲಿ? ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ. ನಂಬಿದೋಳ ಹಾಗೆ ಕೂತಿದ್ದೆ, ಒಂಬತ್ತು ದಿನ."

ಹುಡುಗಿ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತರು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೆಚ್ಚು ಭಯವಾದದ್ದು ಆಗಲೇ.

"ನನಗೆ ಅರ್ಥ ಆಗಿದ್ದು ಇಷ್ಟು. ಇವನು ಕೆಟ್ಟದ್ದಕ್ಕೆ ಸುಳ್ಳು ಹೇಳೋನಲ್ಲ. ತನಗೆ ಬೇಕಾದವರು ನೊಂದ್ಕೋತಾರೆ ಅನ್ನೋ ಭಯಕ್ಕೆ ಹೇಳ್ತಾನೆ. ಇಷ್ಟು ದಿನ ಆ ಲಿಸ್ಟಲ್ಲಿ ಒಬ್ರೇ ಇದ್ರು. ಇವತ್ತಿಂದ ನಾನೂ ಇರ್ತೀನಿ. ನನಗೆ ಹೀಗೆ ಹೇಳಿದ್ರೆ ನಾನು ನಂಬಿದೋಳ ಹಾಗೆ ಕೂರಲ್ಲ. ನಂಗೆ ಅದು ಬರಲ್ಲ. ಎದ್ದು ಹೋಗ್ತೀನಿ."

ಇದು ಫ್ಲ್ಯಾಶ್‌ಗೆ ಹೇಳಿದ್ದು. ಅವನು ಎದ್ದು ನಿಂತ. ಹುಡುಗಿಯ ಹತ್ತಿರ ಬಂದು ಏನಾದರೂ ಮಾತು ಕೊಡುತ್ತಾನೆ, ಆಣೆ ಇಡುತ್ತಾನೆ ಅಂದುಕೊಂಡೆ. ಅವನು ಅಮ್ಮನ ಎದುರು ಹೋಗಿ ನಿಂತ.

"ಅಮ್ಮ, ಇವಳಿಗೆ ನಲವತ್ಮೂರು. ನನಗಿಂತ ಐದು ವರ್ಷ ದೊಡ್ಡೋಳು. ಗೊತ್ತಿದ್ದೇ ನಿಂಗೆ ಬೇರೆ ಹೇಳ್ದೆ. ನೀನು ಬೇಡ ಅಂದ್ರೂ ನಾನು ಇವಳನ್ನೇ ಮದುವೆ ಆಗೋದು." ಉಸಿರು ತೆಗೆದುಕೊಂಡ. "ಇವಳು ಆಗೋದಾದ್ರೆ."

"ಎಂಟು ತಿಂಗಳ ಹಿಂದೆ ಹೇಳಿದ್ರೆ ಬೇಡ ಅಂತಿದ್ದೆ" ಅಂದರು ಅಮ್ಮ. "ಅದು ಖಂಡಿತ. ಆಮೇಲೆ ಹದಿನೈದು ದಿನ ನಿನ್ಹತ್ರ ಮಾತು ಬಿಡ್ತಿದ್ದೆ. ಈಗ ಕೇಳಿದ್ರೂ ಬೇಜಾರೇ. ಆದ್ರೆ ಬೇಜಾರು ನಿನ್ ಮೇಲೆ ಕಣೋ, ಇವಳ ಮೇಲೆ ನನಗೇನಿದೆ?" ಮೇಡಂ ಕಡೆ ತಿರುಗಿದರು. "ಎಲ್ಲಿ ಹಾಕ್ಬೇಕು ಸಹಿ?"

"ಮೊದಲು ಅವರಿಬ್ಬರೂ ಹಾಕ್ಬೇಕು ಅಮ್ಮ. ಸಾಕ್ಷಿಗಳು ಆಮೇಲೆ."

ಎಲ್ಲರ ಕಣ್ಣೂ ಹುಡುಗಿಯ ಮೇಲೆ. ಹೊರಗೆ ಮುಂದಿನ ಮದುವೆಯವರ ನಗು ಕೇಳುತ್ತಿತ್ತು. ಹುಡುಗಿ ಮೇಜಿನ ಮೇಲಿಂದ ಫಾರಂ ತೆಗೆದುಕೊಂಡರು. ಸೀದಾ ಸಹಿಯ ಜಾಗಕ್ಕೆ ಹೋಗಲಿಲ್ಲ. ಮೊದಲ ಸಾಲಿಂದ, ಬೆರಳಿಟ್ಟುಕೊಂಡು, ಪೂರ್ತಿ ಓದಿದರು. ತಮ್ಮ ಹುಟ್ಟಿದ ಇಸವಿಯ ಮೇಲೆ ಬೆರಳು ನಿಂತಿತು, ಮುಂದಕ್ಕೆ ಹೋಯಿತು. ಹನ್ನೊಂದು ನಲವತ್ನಾಲ್ಕಕ್ಕೆ ಸಹಿ ಹಾಕಿದರು. ಆಮೇಲೆ ಫ್ಲ್ಯಾಶ್. ಅವನ ಸಹಿ ಎಂದಿಗಿಂತ ಸೊಟ್ಟಗಿತ್ತು. ಅದರ ಬಗ್ಗೆ ನಾನು ಏನೂ ಹೇಳಲಿಲ್ಲ.

ಮೆಟ್ಟಿಲು ಇಳಿಯುವಾಗ ಅವನು ನನ್ನ ಪಕ್ಕ ಬಂದ. "ವರದೀಲಿ ಏನಾದ್ರೂ ಅನುಮಾನ ಬಂದ್ರೆ ಮೊದ್ಲು ಏನ್ ಮಾಡ್ತೀಯ?"

"ಬರೆದವರನ್ನ ಕೇಳ್ತೀನಿ."

"ನನ್ನನ್ನೂ ಕೇಳ್ಬಹುದಿತ್ತಲ್ಲ. ಪಕ್ಕದಲ್ಲೇ ನಿಂತಿದ್ದೆ."

ಹೌದು. ನನ್ನ ಮೇಜಿನ ಮೊದಲ ನಿಯಮ ಅದು. ಹದಿನಾರು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ. ಮುರಿದದ್ದು ಅವನ ಮದುವೆಯ ದಿನ, ಇನ್ನೊಂದು ಹೊಗಳಿಕೆಯ ಆಸೆಗೆ. ಕ್ಷಮಿಸು ಅನ್ನುವಷ್ಟರಲ್ಲಿ ಹುಡುಗಿ ಹಿಂದಿನಿಂದ ಅಂದರು, "ಕೇಳಿದ್ರೆ ನೀನು ಕಣ್ಣು ಹೊಡೀತಿದ್ದೆ, ಅವರು ಸುಮ್ಮನಾಗ್ತಿದ್ರು. ನಾನು ಸಾಯೋವರೆಗೂ ಮೂವತ್ತಾರರವಳಾಗೇ ಇರ್ತಿದ್ದೆ."

ಇಬ್ಬರ ಮಾತೂ ಸರಿ. ಯಾವುದನ್ನು ಹೊಡೆದುಹಾಕಿ ಯಾವುದನ್ನು ಉಳಿಸಲಿ ಅಂತ ನನಗೆ ತಿಳಿಯಲಿಲ್ಲ.

ಊಟಕ್ಕೆ ಹೊರಟಿದ್ದು ಅಣ್ಣನ ವ್ಯಾನಿನಲ್ಲಿ. ನಡುವಿನ ಸೀಟಿನಲ್ಲಿ ಗಂಡ ಹೆಂಡತಿ. ಇಬ್ಬರ ನಡುವೆ ಹೂಗುಚ್ಛ ಇತ್ತು. ಒಂದು ತಿರುವಿನಲ್ಲಿ ಅದು ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ, ಹುಡುಗಿ ಅವನ ಕಡೆ ಸ್ವಲ್ಪ ಸರಿದು ಕೂತರು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ನಾನು.

"ನಿಂಗೆ ಮೊದಲೇ ಗೊತ್ತಿತ್ತೇನೋ?" ಅಮ್ಮ ಕೇಳಿದರು.

"ಇಲ್ಲಮ್ಮ. ನಿಜವಾಗ್ಲೂ."

"ಗೊತ್ತಿದ್ದಿದ್ರೆ ನಂಗೆ ಹೇಳ್ತಿದ್ಯಾ?"

ಊಟದ ಜಾಗಕ್ಕೆ ಇಪ್ಪತ್ತು ನಿಮಿಷದ ದಾರಿ. ಅಷ್ಟು ಹೊತ್ತೂ ಯೋಚಿಸಿದೆ. ವ್ಯಾನ್ ನಿಂತಾಗಲೂ ನನ್ನ ಬಳಿ ಉತ್ತರ ಇರಲಿಲ್ಲ, "ಗೊತ್ತಿಲ್ಲಮ್ಮ" ಅಂದೆ.

"ಅವಸರ ಇಲ್ಲ" ಅಂದರು ಅಮ್ಮ, ಇಳಿಯಲು ನನ್ನ ತೋಳು ಹಿಡಿದುಕೊಳ್ಳುತ್ತ. "ಮುಂದಿನ ಭಾನುವಾರ ಮನೆಗೆ ಬರ್ತೀಯಲ್ಲ. ಯೋಚ್ನೆ ಮಾಡ್ಕೊಂಡು ಬಾ."