1009ರ ಅಕ್ಕಪಕ್ಕ

1009ರ ಲೆಕ್ಕದಲ್ಲಿ ಹತ್ತನೇ ದಶಮಾಂಶ ಸ್ಥಾನದಲ್ಲಿ ಮೂರು, ಹನ್ನೊಂದನೆಯದರಲ್ಲಿ ಐದು ಇರಬೇಕಿತ್ತು. ಮಿನ್ನಾ ಅದಲುಬದಲು ಮಾಡಿ ಐದು, ಮೂರು ಎಂದು ಬರೆದಿದ್ದಳು. ರೊಸಾರಿಯಾ ಪೆಟ್ರುಲ್ಲೊ ಮೂರು ಸಲ ಕೂಡಿ ಕಳೆದು ನೋಡಿದಳು. ತಪ್ಪು ತಪ್ಪೇ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದು ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಕಾಲ. ನ್ಯೂಯಾರ್ಕಿನ ಆ ಕಚೇರಿಯಲ್ಲಿ ಎಪ್ಪತ್ತು ಜನ ಪೆನ್ಸಿಲ್ ಹಿಡಿದು, ಒಂದರಿಂದ ಹಿಡಿದು ಎಲ್ಲ ಪೂರ್ಣಾಂಕಗಳ ಸ್ವಾಭಾವಿಕ ಲಾಗರಿದಮ್ಮನ್ನು ಹದಿನೈದು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕುತ್ತಿದ್ದರು. ಅವಿಭಾಜ್ಯ ಸಂಖ್ಯೆಗಳದ್ದನ್ನು ಬುಡದಿಂದ ಕಟ್ಟಬೇಕು, ಅದಕ್ಕೆ ತಲೆ ಬೇಕು. ಮಿಕ್ಕವಕ್ಕೆ ಅವುಗಳ ಅಪವರ್ತನಗಳ ಲಾಗರಿದಮ್ ಕೂಡಿದರೆ ಮುಗಿಯಿತು. ರೊಸಾರಿಯಾ ಎರಡು ವರ್ಷದಿಂದ ಬರೀ ಕೂಡುತ್ತಿದ್ದಳು. ಕಿಟಕಿ ಪಕ್ಕದ ಅವಿಭಾಜ್ಯಗಳ ಮೇಜು ಮಾತ್ರ ನಿನ್ನೆ ಮೊನ್ನೆ ಬಂದ ಮಿನ್ನಾ ಜುಕರ್ ಪಾಲಾಗಿತ್ತು. ಎರಡರ ಲಾಗರಿದಮ್ಮಿನ ಮೂವತ್ತು ಅಂಕಿಗಳನ್ನು ಗಿಣಿಯ ಹಾಗೆ ಒಪ್ಪಿಸುತ್ತಾ ಸ್ಯಾಂಡ್‌ವಿಚ್ ತಿನ್ನುವ ಹುಡುಗಿ! ನೋಡಿದಾಗಲೆಲ್ಲ ರೊಸಾರಿಯಾಗೆ ಹೊಟ್ಟೆ ಉರಿಯುತ್ತಿತ್ತು.

1009 ಮಿನ್ನಾಳದು. ಅದರ ಅಕ್ಕಪಕ್ಕದ 1008, 1010 ರೊಸಾರಿಯಾಳವು. ಅಕ್ಕಪಕ್ಕದ ಸಂಖ್ಯೆ ಮಾಡಿದವರೇ ತಾಳೆ ನೋಡಬೇಕು; ಮೂರನ್ನೂ ಒಟ್ಟಿಗಿಟ್ಟು ವ್ಯತ್ಯಾಸ ನೋಡಿದರೆ ನಡುವಿನ ತಪ್ಪು ತಾನೇ ಎದ್ದು ಕಾಣುತ್ತದೆ. ಅದಕ್ಕೆ ಕೆಂಪು ಪೆನ್ಸಿಲಿನ ಗುರುತು ಬಿದ್ದು ಹಾಳೆ ಮೇಲ್ವಿಚಾರಕ ಕೆಸೆಲ್ ಅವರ ಕೈ ಸೇರಿತೋ, ಮಿನ್ನಾಳ ಕೈಯಿಂದ ಕಿಟಕಿಯ ಮೇಜು ಹೋದಂತೆಯೇ.

ಕಳೆದ ತಿಂಗಳು ರೊಸಾರಿಯಾಳ 998ರಲ್ಲೂ ಇಂಥದೇ ತಪ್ಪು ನುಸುಳಿತ್ತು; ಪಕ್ಕದ 997 ಮಿನ್ನಾಳದು. ಮಿನ್ನಾ ಆಗ ಕೆಂಪು ಪೆನ್ಸಿಲ್ ಮುಟ್ಟಿರಲಿಲ್ಲ. ಮಡಿಸಿದ ಚೀಟಿಯೊಂದನ್ನು ರೊಸಾರಿಯಾಳ ಊಟದ ಡಬ್ಬಿಯ ಕೆಳಗೆ ತೂರಿಸಿ ಹೋಗಿದ್ದಳು. "ಒಂಬತ್ತನೇ ಸ್ಥಾನ ಇನ್ನೊಮ್ಮೆ ನೋಡಿ." ತಪ್ಪು ಮಾಡಿದ್ದಕ್ಕಿಂತ ಅವಳಿಂದ ಉಪಕಾರ ಪಡೆದದ್ದೇ ರೊಸಾರಿಯಾಗೆ ಹೆಚ್ಚು ಚುಚ್ಚಿತ್ತು.

ಈಗ ರೊಸಾರಿಯಾ ಕೆಂಪು ಪೆನ್ಸಿಲ್ ಎತ್ತಿಕೊಂಡಳು.

"ಅಬ್ಬಬ್ಬಾ, ಎಂಥ ಕಣ್ಣಮ್ಮ ನಿಂದು!" ಕೆಸೆಲ್ ಕನ್ನಡಕ ಮೇಲೇರಿಸಿದರು. "ಸೋಮವಾರದಿಂದ ಕಿಟಕಿ ಹತ್ರ ನೀನೇ ಕೂತ್ಕೊ. ನಿನ್ನ ಕೂಡೋ ಕೆಲ್ಸ ಮಿನ್ನಾ ನೋಡ್ಕೊಳ್ಲಿ."

ಮಿನ್ನಾ ಖಾನೆಯಿಂದ ತನ್ನ ಸಾಮಾನು ತೆಗೆಯುತ್ತಾ ಮೆಲ್ಲಗೆ ಹೇಳಿದಳು, "ನಂಗೊಂದು ಮಾತು ಹೇಳ್ಬೋದಿತ್ತಲ್ಲ ನೀವು."

"ಲೆಕ್ಕದಲ್ಲಿ ದಾಕ್ಷಿಣ್ಯ ನೋಡಕ್ಕಾಗತ್ತೇನಮ್ಮ?" ಎಂದಳು ರೊಸಾರಿಯಾ.

ಸೋಮವಾರ ಅವಳು 1013ಕ್ಕೆ ಕೈ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಹಾಳೆಯನ್ನು ತಾಳೆ ನೋಡಲು ಕಳಿಸಿದ ಮೇಲೆಯೇ ಅವಳಿಗೆ ಹೊಳೆದದ್ದು, ಅಕ್ಕಪಕ್ಕದ 1012, 1014 ಈಗ ಮಿನ್ನಾಳವು ಎಂದು. ಆಮೇಲೆ ಅವಳಿಗೆ ಯಾವ ಅಂಕಿಯೂ ತಲೆಗೆ ಹತ್ತಲಿಲ್ಲ.

ನಾಲ್ಕು ಗಂಟೆಗೆ ಮಿನ್ನಾ ಎದ್ದಳು. ಕೆಂಪು ಪೆನ್ಸಿಲ್ ಕಿವಿಯ ಮೇಲಿತ್ತು. ಕೆಸೆಲ್ ಸಾಲಿನ ಕೊನೆಯಲ್ಲೇ ನಿಂತಿದ್ದರು. ರೊಸಾರಿಯಾ ತಲೆ ತಗ್ಗಿಸಿದಳು. ಹೆಜ್ಜೆಯ ಸಪ್ಪಳ ಅವಳ ಮೇಜಿನ ಬಳಿ ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ತಲೆ ಎತ್ತಿದಾಗ ಊಟದ ಡಬ್ಬಿಯ ಕೆಳಗೆ ಮಡಿಸಿದ ಕಾಗದದ ತುದಿ ಕಾಣುತ್ತಿತ್ತು. ಡಬ್ಬಿ ಎತ್ತಲು ರೊಸಾರಿಯಾಗೆ ಕೈ ಬರಲಿಲ್ಲ.